ಕಾಪು ಬಂಡೆಯ ಗುಂಡಿಯಲ್ಲಿ ಕಣ್ಣೆದುರೇ ಮಾಯವಾಗುವ ಪುಟ್ಟ ಮೀನು: ಇದು ಯಾವುದು? ಬೇರೆ ಗುಂಡಿಗೆ ಬಿಟ್ಟಿದ್ದು ತಪ್ಪಾಯಿತಾ?

ಕಾಪುವಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಗಳ ಜೊತೆ ಕಾಪು ಬೀಚಿಗೆ ಹೋಗಿದ್ದೆ. ದೀಪಸ್ತಂಭದ ಕೆಳಗೆ ಬಂಡೆಗಳಿವೆ ಅಲ್ವಾ, ನೀರು ಇಳಿದಾಗ ಅಲ್ಲಿ ಗುಂಡಿಗಳಲ್ಲಿ ಕಡಲ ನೀರು ನಿಲ್ಲುತ್ತದೆ. ಮಗಳು ಎರಡನೇ ಕ್ಲಾಸು. ಒಂದು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು "ಅಪ್ಪಾ, ಈ ಕಲ್ಲು ಅಲ್ಲಾಡ್ತು" ಅಂದಳು. ನನಗೆ ಏನೂ ಕಾಣಲಿಲ್ಲ. ಐದು ನಿಮಿಷ ಸುಮ್ನೆ ಕೂತ ಮೇಲೆ ಕಂಡಿತು. ಬೆರಳುದ್ದದ ಮೀನು. ಕಂದು ಮೈ, ಅದರ ಮೇಲೆ ಕಪ್ಪು ಮಚ್ಚೆ, ನಡುವೆ ಮರಳಿನ ಬಣ್ಣದ ಚುಕ್ಕೆ. ತಳದ ಕಲ್ಲಿನ ಮೇಲೆ ಕೂತರೆ ಕಲ್ಲೇ ಆಗಿಬಿಡುತ್ತದೆ.

ಹೇಗೋ ಹಿಡಿದು ಮಗಳ ಬಿಳಿ ಬಕೆಟ್ಟಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೀನು ಪೇಲವವಾಯಿತು. ಮಚ್ಚೆಗಳೇ ಮಾಸಿಹೋದವು. ಸಾಯುತ್ತಿದೆ ಅಂತ ಮಗಳು ಅಳಲು ಶುರು ಮಾಡಿದಳು. ಹಳೆಯ ಗುಂಡಿಯಲ್ಲಿ ನೀರು ಒಂದು ಗೇಣೂ ಇರಲಿಲ್ಲ, ಬಿಸಿಲಿಗೆ ಬಿಸಿಯಾಗಿತ್ತು. ಅದಕ್ಕೆ ಇಪ್ಪತ್ತು ಹೆಜ್ಜೆ ಆಚೆ ಇದ್ದ ದೊಡ್ಡ ಗುಂಡಿಗೆ ಬಿಟ್ಟೆವು. ಬಿಟ್ಟ ಕೂಡಲೇ ಅದು ಗುಂಡಿಯ ಅಂಚಿಗೆ ಬಂದು ಒಂದೆರಡು ಸಲ ನೆಗೆಯಲು ನೋಡಿತು, ಆಮೇಲೆ ಕಲ್ಲಿನ ಸಂದಿಗೆ ಸೇರಿತು.

ನನ್ನ ಪ್ರಶ್ನೆ ಎರಡು. ಇದು ಯಾವ ಮೀನು? ಬೇರೆ ಗುಂಡಿಗೆ ಬಿಟ್ಟಿದ್ದು ಸರಿಯಾಯಿತಾ? ಮಗಳು ದಿನಾ ಕೇಳುತ್ತಿದ್ದಾಳೆ. ಮೂರು ಫೋಟೋ ಹಾಕಿದ್ದೇನೆ, ಒಂದು ಸ್ವಲ್ಪ ಮಸುಕಾಗಿದೆ.

ಅಳಿವೆ ಬಾಗಿಲು

ನೆಗೆಯಿತು ಅಂದ್ರಿ. ಹಾಗಾದರೆ ಕೆಸರಿನ ಮೇಲೆ ಕುಪ್ಪಳಿಸುವ ಮೀನು ಇರಬೇಕು, ಮಡ್‌ಸ್ಕಿಪ್ಪರ್. ನಮ್ಮ ಅಘನಾಶಿನಿ ಕಡೆ ಬಹಳ ಇವೆ.

ಮೀನುಮರುಳು

ಅಲ್ಲ ಅಣ್ಣ, ಇದು ಅದಲ್ಲ. ಮಡ್‌ಸ್ಕಿಪ್ಪರ್‌ಗೆ ಅಳಿವೆಯ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡ ಬೇಕು. ಅದರ ಕಣ್ಣು ಕಪ್ಪೆಯ ಹಾಗೆ ತಲೆಯ ಮೇಲೆ ಉಬ್ಬಿರುತ್ತದೆ, ನೀರಿನಿಂದ ಹೊರಗೇ ಜಾಸ್ತಿ ಹೊತ್ತು ಇರುತ್ತದೆ. ಫೋಟೋದಲ್ಲಿರುವುದು ಬಂಡೆಯ ಗೋಬಿ. ಗೋಬಿ ಅಂದರೆ ಇಲ್ಲಿ ಹೂಕೋಸಲ್ಲ, ಮೀನುಗಳ ಒಂದು ದೊಡ್ಡ ಕುಲದ ಹೆಸರು. ಮಡ್‌ಸ್ಕಿಪ್ಪರ್ ಕೂಡ ಇವುಗಳ ಹತ್ತಿರದ ನೆಂಟನೇ, ಹಾಗಾಗಿ ನಿಮ್ಮ ಊಹೆ ತೀರಾ ದೂರ ಹೋಗಿಲ್ಲ.

ಗುರುತು ಹೇಗೆ ಅಂದರೆ, ಬೆನ್ನಿನ ಮೇಲೆ ಎರಡು ಬೇರೆ ಬೇರೆ ರೆಕ್ಕೆ ಇವೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ಕೂಡಿಕೊಂಡು ಒಂದು ಬಟ್ಟಲಾಗಿದೆ. ಆ ಬಟ್ಟಲಿನಿಂದ ಮೀನು ಬಂಡೆಗೆ ಅಂಟಿಕೊಳ್ಳುತ್ತದೆ, ಅಲೆ ಬಂದರೂ ಕೊಚ್ಚಿಹೋಗುವುದಿಲ್ಲ. ಇನ್ನು ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ಎದೆಯ ರೆಕ್ಕೆಯ ಮೇಲಂಚು ನೋಡಿ. ಕೂದಲಿನ ಹಾಗೆ ಬಿಡಿಬಿಡಿ ಎಳೆಗಳು ಕಾಣುತ್ತವೆ. ಆ ಎಳೆ ಇದ್ದರೆ ಅದು ಬ್ಯಾಥಿಗೋಬಿಯಸ್ ಗುಂಪು. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಬ್ಯಾಥಿಗೋಬಿಯಸ್ ಫಸ್ಕಸ್. ಕೆಂಪು ಸಮುದ್ರದಿಂದ ಹಿಡಿದು ಪೆಸಿಫಿಕ್ ದ್ವೀಪಗಳ ತನಕ ಇದರ ಸಂಸಾರ ಹರಡಿದೆ. ಮೊದಲು ಹೆಸರಿಟ್ಟವನು ರುಪ್ಪೆಲ್, 1830ರಲ್ಲಿ, ಕೆಂಪು ಸಮುದ್ರದ ಮೀನು ನೋಡಿ. ಆದರೆ ಈ ಗುಂಪಿನ ಮೀನುಗಳೆಲ್ಲ ಅಣ್ಣತಮ್ಮಂದಿರ ಹಾಗೆ. ಫೋಟೋ ನೋಡಿ ಫಸ್ಕಸ್ಸೇ ಅಂತ ನಾನು ಆಣೆ ಇಡುವುದಿಲ್ಲ. ಬ್ಯಾಥಿಗೋಬಿಯಸ್ ಅನ್ನುವುದು ಖಂಡಿತ.

ಗಾಳದವ

ಚಿಕ್ಕಂದಿನಲ್ಲಿ ಇದನ್ನೇ ಹಿಡಿದು ಗಾಳಕ್ಕೆ ಸಿಕ್ಕಿಸುತ್ತಿದ್ದೆವು ಮಾರಾಯ್ರೆ. ಸುರತ್ಕಲ್ ಬಂಡೆಯಲ್ಲಿ. ಇದಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ, ಹಾಗಾಗಿ ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಿಡಿಯುವುದು ಸುಲಭ ಅಂತ ಅಂದುಕೊಳ್ಳಬೇಡಿ. ಒಂದು ಗುಂಡಿಗೆ ಕೈ ಹಾಕಿದರೆ ಟಪ್ ಅಂತ ಹಾರಿ ಪಕ್ಕದ ಗುಂಡಿಗೆ. ಅಲ್ಲಿಗೆ ಹೋದರೆ ಇನ್ನೊಂದಕ್ಕೆ. ಕೊನೆಗೆ ಕಡಲಿಗೇ. ಒಣ ಬಂಡೆಯ ಮೇಲೆ ಬಿದ್ದದ್ದು ನಾನು ನೋಡಿದ್ದು ಬಹಳ ಕಡಿಮೆ. ನನಗೆ ಆಗಲೂ ಆಶ್ಚರ್ಯ. ನೀರೊಳಗೆ ಇರುವ ಮೀನಿಗೆ ಪಕ್ಕದ ಗುಂಡಿ ಎಲ್ಲಿದೆ ಅಂತ ಹೇಗೆ ಗೊತ್ತು? ನಡುವೆ ಕಲ್ಲಿನ ದಿಣ್ಣೆ ಇರುತ್ತದೆ, ಆಚೆಗೆ ಕಾಣಲು ಸಾಧ್ಯವೇ ಇಲ್ಲ.

ಜೀವಶಾಸ್ತ್ರದ ಮೇಷ್ಟ್ರು

ಗಾಳದವರೇ, ನೀವು ಕೇಳಿದ ಪ್ರಶ್ನೆಯನ್ನೇ ಒಬ್ಬ ವಿಜ್ಞಾನಿ ಕೇಳಿಕೊಂಡು ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಲೆಸ್ಟರ್ ಆರನ್ಸನ್. ಅವರು ನೋಡಿದ್ದು ಇದೇ ಗುಂಪಿನ ಅಟ್ಲಾಂಟಿಕ್ ಮೀನು, ಬ್ಯಾಥಿಗೋಬಿಯಸ್ ಸೊಪೊರೇಟರ್. ಮೊದಲ ವರದಿ ಬಂದದ್ದು 1951ರಲ್ಲಿ. ಇದನ್ನು ನಾನು ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಹೇಳುತ್ತೇನೆ. ಪಠ್ಯದಲ್ಲಿ ಇಲ್ಲ, ಆದರೂ ಹೇಳುತ್ತೇನೆ.

ಅವರು ನೋಡಿದ್ದೂ ನೀವು ನೋಡಿದ್ದೇ. ಕೋಲಿನಿಂದ ಚುಚ್ಚಿದರೆ ಮೀನು ಹಾರಿ ಸರಿಯಾಗಿ ಪಕ್ಕದ ಗುಂಡಿಗೇ ಬೀಳುತ್ತಿತ್ತು. ಕಣ್ಣಿಗೆ ಕಾಣದ ಗುಂಡಿಗೆ. ಅದೃಷ್ಟವೋ, ಆಗ ಕಂಡದ್ದೋ, ಮೊದಲೇ ಗೊತ್ತಿದ್ದದ್ದೋ? ಇದನ್ನು ಬಿಡಿಸಲು ಅವರು ಕೃತಕ ಗುಂಡಿಗಳನ್ನು ಮಾಡಿದರು. ಕೆಲವು ಮೀನುಗಳನ್ನು ನೀರು ಇಳಿದ ಸ್ಥಿತಿಯಲ್ಲೇ ಸೀದಾ ಒಂದು ಗುಂಡಿಗೆ ಬಿಟ್ಟರು. ಅವು ಹಾರಲು ಹಿಂದೇಟು ಹಾಕಿದವು, ಹಾರಿದರೂ ದಿಕ್ಕು ತಪ್ಪುತ್ತಿದ್ದವು. ಇನ್ನು ಕೆಲವಕ್ಕೆ ಒಂದು ರಾತ್ರಿ ಉಬ್ಬರ ಕೊಟ್ಟರು. ಅಂದರೆ ಗುಂಡಿಗಳೆಲ್ಲ ಮುಳುಗುವಷ್ಟು ನೀರು ತುಂಬಿಸಿ, ಮೀನು ಅವುಗಳ ಮೇಲೆ ಓಡಾಡಲು ಬಿಟ್ಟರು. ಬೆಳಗ್ಗೆ ನೀರು ಇಳಿಸಿದಾಗ ಆ ಮೀನುಗಳು ಪಕ್ಕದ ಗುಂಡಿಗೆ ಸರಿಯಾಗಿ ಹಾರಿದವು.

ಉಬ್ಬರ ಬಂದಾಗ ಬಂಡೆಯೆಲ್ಲ ನೀರಿನಡಿ ಇರುತ್ತದೆ. ಆಗ ಮೀನು ಬಂಡೆಯ ಮೇಲೆ ಈಜುತ್ತಾ ಎಲ್ಲಿ ತಗ್ಗು, ಎಲ್ಲಿ ದಿಣ್ಣೆ ಅಂತ ನೋಡಿಕೊಳ್ಳುತ್ತದೆ. ಇಳಿತದಲ್ಲಿ ಆ ತಗ್ಗುಗಳೇ ಗುಂಡಿಗಳಾಗುತ್ತವೆ. ಹಾರುವಾಗ ಅದು ನಂಬುವುದು ತಲೆಯೊಳಗಿನ ಆ ನಕ್ಷೆಯನ್ನು. 1971ರಲ್ಲಿ ಅವರು ಇನ್ನೊಂದು ವರದಿ ಬರೆದರು. ಕಲಿತ ಮೀನನ್ನು ಆ ಜಾಗದಿಂದ ದೂರ ಇಟ್ಟು ಸುಮಾರು 40 ದಿನ ಆದ ಮೇಲೂ ಅದಕ್ಕೆ ಗುಂಡಿಗಳ ಜಾಗ ನೆನಪಿತ್ತು.

ಮೀನಿಗೆ ಮೂರು ಸೆಕೆಂಡ್ ಮಾತ್ರ ನೆನಪು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಈ ಮೀನಿನ ಕಥೆ ಹೇಳಿ.

ಅಳಿವೆ ಬಾಗಿಲು

ಮೇಷ್ಟ್ರೇ, ಒಪ್ಪಿದೆ. ಮಡ್‌ಸ್ಕಿಪ್ಪರ್ ಅಂದದ್ದು ವಾಪಸ್. ಒಂದು ಅನುಮಾನ ಉಳಿದಿದೆ. ಅಂದಾಜಿಗೆ ಹಾರಿ, ಗುಂಡಿಗಳು ಹತ್ತಿರ ಇದ್ದ ಕಾರಣ ಸಿಕ್ಕಿಬಿಡಬಹುದು ಅಲ್ವಾ? ಇಷ್ಟು ಸಣ್ಣ ತಲೆಯಲ್ಲಿ ನಕ್ಷೆ ಅಂದರೆ ನಂಬಲು ಕಷ್ಟ.

ಜೀವಶಾಸ್ತ್ರದ ಮೇಷ್ಟ್ರು

ಒಳ್ಳೆಯ ಅನುಮಾನ. ಬರೀ ಅದೃಷ್ಟ ಆಗಿದ್ದರೆ ಉಬ್ಬರ ಕಂಡ ಮೀನಿಗೂ ಕಾಣದ ಮೀನಿಗೂ ವ್ಯತ್ಯಾಸವೇ ಇರಬಾರದಿತ್ತು. ಗುಂಡಿಗಳು ಇಬ್ಬರಿಗೂ ಅವೇ ತಾನೆ.

ತಲೆಯ ವಿಷಯಕ್ಕೂ ಒಂದು ಉತ್ತರ ಇದೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜೆಮ್ಮಾ ವೈಟ್ ಮತ್ತು ಕುಲಮ್ ಬ್ರೌನ್ ಬಂಡೆಗುಂಡಿಯ ಗೋಬಿಗಳನ್ನೂ ಮರಳಿನ ತೀರದ ಗೋಬಿಗಳನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ಜಾಗದ ಗುರುತು ಕಲಿಯುವುದರಲ್ಲಿ ಬಂಡೆಯವು ಮುಂದೆ. ಅವುಗಳ ಮಿದುಳಿನ ಮುಂಭಾಗವೂ ಮರಳಿನವುಗಳಿಗಿಂತ ದೊಡ್ಡದು. ಯೋಚಿಸಿ ನೋಡಿ, ಮರಳಿನಲ್ಲಿ ಯಾವ ಗುರುತು ಇದೆ? ಒಂದು ಅಲೆಗೆ ಎಲ್ಲ ಅಳಿಸಿಹೋಗುತ್ತದೆ. ಬಂಡೆ ಹಾಗಲ್ಲ. ಅಲ್ಲಿ ನೆನಪಿಟ್ಟುಕೊಂಡರೆ ಲಾಭ ಇದೆ. ತಪ್ಪಿ ಹಾರಿದರೆ ಬಿಸಿಲಿಗೆ ಒಣಗಬೇಕು, ಇಲ್ಲಾ ಕಾಗೆಗೆ ತುತ್ತಾಗಬೇಕು.

ಕಾಪುವಿನ ಅಪ್ಪ

ಇದನ್ನೆಲ್ಲ ಓದಿ ಈಗ ನನಗೆ ನಿಜವಾಗಿಯೂ ಬೇಸರ ಆಗುತ್ತಿದೆ. ಅದಕ್ಕೆ ಗೊತ್ತಿದ್ದ ಗುಂಡಿಯಿಂದ ಎತ್ತಿ ಗೊತ್ತಿಲ್ಲದ ಗುಂಡಿಗೆ ಹಾಕಿಬಿಟ್ಟೆ. ಅಂಚಿಗೆ ಬಂದು ಹಾರಲು ನೋಡಿ ಸುಮ್ಮನಾಯಿತಲ್ಲ, ಅದಕ್ಕೆ ಎಲ್ಲಿಗೆ ಹಾರಬೇಕು ಅಂತ ತಿಳಿಯದೆ ಇರಬೇಕು. ಅದು ವಾಪಸ್ ಹೋಗಿರುತ್ತದಾ? ಬಕೆಟ್ಟಿನಲ್ಲಿ ಪೇಲವ ಆದದ್ದು ಯಾಕೆ?

ಹೊನ್ನಾವರದವಳು

ಅಣ್ಣ, ಬಕೆಟ್ಟಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಅದು ಬರೀ ಸಂಕಟಕ್ಕೆ ಹಾಗಾಯಿತು ಅಂದುಕೊಳ್ಳಬೇಡಿ. ಬಕೆಟ್ ಬಿಳಿ, ಅದಕ್ಕೆ ಮೀನೂ ಬಿಳಿಚಿಕೊಂಡಿತು. ಅದು ಅಲ್ಲೂ ಅಡಗಿಕೊಳ್ಳಲು ನೋಡುತ್ತಿತ್ತು ಪಾಪ.

ಇವುಗಳ ಚರ್ಮದಲ್ಲಿ ಬಣ್ಣ ತುಂಬಿದ ಜೀವಕೋಶಗಳಿವೆ. ಆ ಕೋಶದೊಳಗಿನ ಕಪ್ಪು ಕಣಗಳು ಹರಡಿಕೊಂಡರೆ ಮೈ ಗಾಢ, ನಡುವಿಗೆ ಒಟ್ಟುಗೂಡಿದರೆ ಮೈ ತಿಳಿ. ಇಂಗ್ಲೆಂಡಿನಲ್ಲಿ ಮಾರ್ಟಿನ್ ಸ್ಟೀವನ್ಸ್ ಮತ್ತು ಜೊತೆಗಾರರು ಅಲ್ಲಿನ ಬಂಡೆ ಗೋಬಿಯ ಮೇಲೆ ಇದನ್ನು ಅಳೆದು ನೋಡಿದರು, 2014ರಲ್ಲಿ ಪ್ರಕಟವಾಯಿತು. ಅದು ನಮ್ಮ ಮೀನಲ್ಲ, ಗೋಬಿಯಸ್ ಪಗನೆಲ್ಲಸ್ ಅಂತ ಬೇರೆ ಜಾತಿ. ಕಪ್ಪು ತಳ, ಬಿಳಿ ತಳ, ಕೆಂಪು ತಳ, ನೀಲಿ ತಳ ಹೀಗೆ ಇಟ್ಟು ನೋಡಿದರು. ಒಂದೇ ನಿಮಿಷದಲ್ಲಿ ಮೀನಿನ ಬಣ್ಣ ಬದಲಾಗಲು ಶುರುವಾಗಿತ್ತು. ಬರೀ ಕಪ್ಪು ಬಿಳುಪಲ್ಲ, ಕೆಂಪು ನೀಲಿ ತಳಕ್ಕೂ ಮೈಬಣ್ಣ ಬೇರೆ ಬೇರೆಯಾಗಿ ತಿರುಗಿತು.

ಮಗಳಿಗೆ ಹೇಳಿ, ಮೀನು ಬಕೆಟ್ಟಿನ ಬಣ್ಣದ ಅಂಗಿ ಹಾಕಿಕೊಂಡಿತ್ತು ಅಂತ. ಆದರೆ ಇನ್ನು ಮೇಲೆ ಬಕೆಟ್ ಬೇಡ. ಸ್ವಲ್ಪ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಉಸಿರಾಡುವ ಗಾಳಿಯೂ ಬೇಗ ಮುಗಿಯುತ್ತದೆ. ಸಾಯುವುದು ಬಣ್ಣದಿಂದಲ್ಲ, ಇದರಿಂದ.

ಅಕ್ವೇರಿಯಂ ಆಸೆ

ಇಷ್ಟು ಬುದ್ಧಿ ಇರುವ ಮೀನು ಅಂದರೆ ಮನೆಯಲ್ಲಿ ಸಾಕಲು ಚೆನ್ನಾಗಿರುತ್ತದೆ. ನನ್ನ ಹತ್ತಿರ ಎರಡಡಿ ಟ್ಯಾಂಕ್ ಇದೆ. ಉಪ್ಪು ಹಾಕಿದರೆ ಸಾಕಾಗುತ್ತದಾ? ಎರಡು ಹಿಡಿದು ತರೋಣ ಅಂತ ಇದ್ದೇನೆ.

ಗಾಳದವ

ಬೇಡ ತಮ್ಮಾ. ಗಾಳಕ್ಕೆ ಕಟ್ಟಿದವನೇ ಹೇಳುತ್ತಿದ್ದೇನೆ, ಬೇಡ.

ಮೀನುಮರುಳು

ಅಡಿಗೆ ಉಪ್ಪು ಹಾಕಿದರೆ ಕಡಲ ನೀರು ಆಗುವುದಿಲ್ಲ. ಅದು ಒಂದು ಕಾರಣ. ಎರಡಡಿ ಟ್ಯಾಂಕಿನಲ್ಲಿ ಅದು ಹಾರಿ ನೆಲಕ್ಕೆ ಬೀಳುತ್ತದೆ, ಅದು ಇನ್ನೊಂದು. ಅದು ಹಾರಿ ತಪ್ಪಿಸಿಕೊಂಡೇ ಬದುಕುವ ಮೀನು. ನಿಮ್ಮ ಹಾಲಿನ ಟೈಲ್ಸ್ ಮೇಲೆ ಯಾವ ಗುಂಡಿ ಇದೆ?

ನನಗೂ ಮೊದಲು ಸಾಕುವ ಹುಚ್ಚಿತ್ತು, ಹಾಗಾಗಿ ಬೈಯುತ್ತಿಲ್ಲ. ಆದರೆ ಈ ಮೀನಿನ ವಿಶೇಷ ಪೂರ್ತಿ ಅದರ ಬಂಡೆಯಲ್ಲಿದೆ. ಅಲ್ಲಿಂದ ಎತ್ತಿದರೆ ನಿಮ್ಮ ಕೈಗೆ ಬರುವುದು ಒಂದು ಕಂದು ಮೀನು ಅಷ್ಟೇ. ಅರ್ಧ ದಿನ ಬಂಡೆಯ ಹತ್ತಿರ ಕೂತು ನೋಡಿ, ಟ್ಯಾಂಕಿಗಿಂತ ಜಾಸ್ತಿ ಸಿಗುತ್ತದೆ.

ವಿಕ್ಟೋರಿಯಾ ಕನ್ನಡಿಗ

ನಾನು ಕೆನಡಾದ ಪೆಸಿಫಿಕ್ ಕರಾವಳಿಯಲ್ಲಿದ್ದೇನೆ, ಮೂಲ ಕುಮಟಾ. ಕಾಪುವಿನ ಅಪ್ಪನವರು ಕೇಳಿದ "ವಾಪಸ್ ಹೋಗಿರುತ್ತದಾ" ಅನ್ನುವುದಕ್ಕೆ ಇಲ್ಲಿನ ಮೀನೊಂದು ಅರ್ಧ ಉತ್ತರ ಕೊಡಬಹುದು.

ಇಲ್ಲಿನ ಬಂಡೆಗುಂಡಿಗಳಲ್ಲಿ ಟೈಡ್‌ಪೂಲ್ ಸ್ಕಲ್ಪಿನ್ ಅಂತ ಒಂದು ಮೀನಿದೆ. ಗೋಬಿಯ ಕುಲವೇ ಅಲ್ಲ, ಆದರೆ ಬದುಕು ಅದೇ. ಬೆರಳುದ್ದ, ದಪ್ಪ ತಲೆ, ಮೈಯೆಲ್ಲ ಮಚ್ಚೆ, ಕಲ್ಲಿನ ಮೇಲೆ ಕೂತರೆ ಕಲ್ಲು. ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾ ತನಕ ಇದೆ. ಜಾನ್ ಗ್ರೀನ್ ಅನ್ನುವವರು ಇವುಗಳಿಗೆ ಗುರುತು ಹಾಕಿ ಬೇರೆ ಕಡೆ ಒಯ್ದು ಬಿಟ್ಟರು. 1971ರ ಮಾತು. ನೂರು ಮೀಟರಿನಷ್ಟು ದೂರ ಬಿಟ್ಟರೂ ಹಲವು ಮೀನುಗಳು ತಮ್ಮ ಗುಂಡಿಗೇ ಬಂದು ಸೇರಿದವು. ಉಬ್ಬರ ಬಂದಾಗ ಹೊರಟು, ನೀರು ಇಳಿಯುವ ಮೊದಲು ಮನೆ ಸೇರುತ್ತವೆ. ಮೂರು ವರ್ಷದ ಮೇಲೆ ಇನ್ನೊಬ್ಬರು ಇದನ್ನು ಮುಂದುವರಿಸಿದರು. ಕಣ್ಣು ಕಾಣದ ಮೀನಿಗೂ ಮನೆ ಸಿಕ್ಕಿತು, ವಾಸನೆ ತಿಳಿಯದಂತೆ ಮಾಡಿದ ಮೀನಿಗೆ ಸಿಗಲಿಲ್ಲ. ಅಂದರೆ ಈ ಮೀನಿಗೆ ತನ್ನ ಗುಂಡಿಯ ವಾಸನೆ ಗೊತ್ತು.

ಇನ್ನೊಂದು ವಿಷಯ. ಗುಂಡಿಯ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾದರೆ ಈ ಸ್ಕಲ್ಪಿನ್ ನೀರಿನಿಂದ ಹೊರಗೆ ಬಂದು ಒದ್ದೆ ಕಲ್ಲಿನ ಮೇಲೆ ಕೂತು ಗಾಳಿಯನ್ನೇ ಉಸಿರಾಡುತ್ತದೆ. ಮೊದಲ ಸಲ ನೋಡಿದಾಗ ದಾರಿ ತಪ್ಪಿ ಹೊರಗೆ ಬಿದ್ದಿದೆ ಅಂತ ನಾನೂ ಎತ್ತಿ ನೀರಿಗೆ ಹಾಕಿದ್ದೆ. ಅದು ಮತ್ತೆ ಹೊರಗೆ ಬಂದು ಕೂತಿತು.

ಕುಮಟಾದಲ್ಲಿ ಹುಟ್ಟಿ ಬೆಳೆದು ನಾನು ಒಂದು ದಿನವೂ ನಮ್ಮ ಬಂಡೆಗುಂಡಿಯನ್ನು ಬಗ್ಗಿ ನೋಡಿರಲಿಲ್ಲ. ಇಲ್ಲಿಗೆ ಬಂದು ಕಲಿತೆ. ಊರಿಗೆ ಬಂದಾಗ ಮೊದಲು ಮಾಡುವ ಕೆಲಸ ಈಗ ಅದೇ.

ಜೀವಶಾಸ್ತ್ರದ ಮೇಷ್ಟ್ರು

ಒಳ್ಳೆಯ ಮಾತು ನೆನಪಿಸಿದಿರಿ. ಮೊದಲು ಹೇಳಿದ ಸಿಡ್ನಿಯವರೂ ಅಲ್ಲಿನ ಬಂಡೆಗುಂಡಿ ಮೀನುಗಳಲ್ಲಿ ಮನೆಗೆ ಮರಳುವ ಗುಣ ಕಂಡಿದ್ದಾರೆ. ಹಾಗಾಗಿ ಕಾಪುವಿನ ಅಪ್ಪನವರೇ, ಇಪ್ಪತ್ತು ಹೆಜ್ಜೆ ಜಾಸ್ತಿ ದೂರ ಏನಲ್ಲ. ಅದೇ ಸಂಜೆಯ ಉಬ್ಬರಕ್ಕೆ ನಿಮ್ಮ ಮೀನು ದಾರಿ ಹಿಡಿದಿರಬಹುದು. ಮಗಳಿಗೆ ಇಷ್ಟು ಹೇಳಬಹುದು.

ಹೊನ್ನಾವರದವಳು

ಕಲ್ಲಿನ ವಿಷಯ ಯಾರೂ ಹೇಳಲಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಈ ಗೋಬಿಗಳಲ್ಲಿ ಹೆಣ್ಣು ಕಲ್ಲಿನ ಅಡಿಭಾಗಕ್ಕೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಕಾಯುವುದು ಗಂಡು. ಮರಿ ಆಗುವ ತನಕ ಅಲ್ಲೇ ಇದ್ದು ರೆಕ್ಕೆ ಬೀಸಿ ಮೊಟ್ಟೆಗೆ ಹೊಸ ನೀರು ತಾಗುವ ಹಾಗೆ ಮಾಡುತ್ತದೆ. ಮೇಷ್ಟ್ರು ಹೇಳಿದ ಅಟ್ಲಾಂಟಿಕ್ ಗೋಬಿಯನ್ನು ವಿಲಿಯಂ ಟವೋಲ್ಗಾ ಅನ್ನುವವರು 1950ರ ದಶಕದಲ್ಲಿ ಬಹಳ ನೋಡಿದ್ದಾರೆ. ಗಂಡು ಹೆಣ್ಣನ್ನು ಕರೆಯುವಾಗ ಗುರ್ ಗುರ್ ಅಂತ ಸಣ್ಣ ಸದ್ದು ಮಾಡುತ್ತದಂತೆ. ಮೊಟ್ಟೆ ತುಂಬಿದ ಹೆಣ್ಣು ಇದ್ದ ನೀರನ್ನು ಮಾತ್ರ ಗಂಡಿದ್ದ ತೊಟ್ಟಿಗೆ ಹಾಕಿದರೂ ಸಾಕು, ಹೆಣ್ಣು ಕಾಣದೆಯೇ ಗಂಡು ಕುಣಿಯಲು ಶುರು.

ಈಗ ನಾವು ಏನು ಮಾಡುತ್ತೇವೆ? ಏಡಿ ಹುಡುಕಲು ಕಲ್ಲು ಮಗುಚುತ್ತೇವೆ, ಹಾಗೇ ಬಿಟ್ಟು ಮುಂದಿನ ಕಲ್ಲಿಗೆ ಹೋಗುತ್ತೇವೆ. ಅಡಿಯಲ್ಲಿದ್ದ ಮೊಟ್ಟೆ ಮೇಲಕ್ಕೆ ಬಂದು ಬಿಸಿಲಿಗೆ ಸುಟ್ಟುಹೋಗುತ್ತದೆ. ಮೇಲಿದ್ದ ಪಾಚಿ ಅಡಿಗೆ ಹೋಗಿ ಕೊಳೆಯುತ್ತದೆ. ಒಮ್ಮೆ ನಮ್ಮ ಕಡೆಯ ಬಂಡೆಗೆ ಒಂದು ದೊಡ್ಡ ಗುಂಪು ಬಂದಿತ್ತು, ಯಾರು ಅಂತ ಹೇಳುವುದಿಲ್ಲ. ಅವರು ಹೋದ ಮೇಲೆ ನಾನು ನೋಡಿದರೆ ಮಗುಚಿದ ಕಲ್ಲು ನಲವತ್ತಕ್ಕಿಂತ ಜಾಸ್ತಿ. ನಾನೂ ತಂಗಿಯೂ ಕತ್ತಲಾಗುವ ತನಕ ಒಂದೊಂದಾಗಿ ತಿರುಗಿಸಿ ಇಟ್ಟೆವು. ನೀರು ಏರಿ ಬರುತ್ತಿತ್ತು, ಎಲ್ಲ ಮುಗಿಸಲು ಆಗಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಕಲ್ಲು ಎತ್ತಲೇಬೇಕು ಅಂದರೆ ನಿಧಾನವಾಗಿ ಎತ್ತಿ, ನೋಡಿ, ಹೇಗಿತ್ತೋ ಹಾಗೇ ಇಡಿ. ಬರೇ ಇಷ್ಟು.

ಗಾಳದವ

ಅಕ್ಕಾ, ನಾವು ಮಾಡಿದ್ದೂ ಅದೇ. ಗೊತ್ತಿರಲಿಲ್ಲ.

ಅಕ್ವೇರಿಯಂ ಆಸೆ

ಸರಿ, ತರುವುದಿಲ್ಲ. ನೋಡಲು ಹೋಗಬೇಕು ಅಂದರೆ ಯಾವಾಗ ಹೋಗಬೇಕು? ನಾನು ಬೆಂಗಳೂರು, ಕಡಲಿನ ಲೆಕ್ಕ ಒಂದೂ ಗೊತ್ತಿಲ್ಲ.

ಗಾಳದವ

ಲೆಕ್ಕ ಸುಲಭ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಾರವಾರ ಕಡೆಯ ಕೊಂಕಣಿಯವರು ಭರತಿ, ಸುಕತಿ ಅನ್ನುತ್ತಾರೆ. ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಗ್ಗೆ ಏಳಕ್ಕೆ ಇಳಿತ ಅಂದರೆ ನಾಳೆ ಎಂಟರ ಹತ್ತಿರ. ನಮ್ಮ ಕರಾವಳಿಯಲ್ಲಿ ಎರಡು ಇಳಿತವೂ ಒಂದೇ ಸಮ ಅಲ್ಲ, ಒಂದು ಜಾಸ್ತಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಆಮೇಲಿನ ಒಂದೆರಡು ದಿನ ಬಂಡೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಇಳಿತದ ಸಮಯಕ್ಕೆ ಒಂದು ಗಂಟೆ ಮೊದಲು ಹೋಗಿ ಕೂರಿ. ನೀರು ತಿರುಗಿದ ಕೂಡಲೇ ಎದ್ದು ಬನ್ನಿ.

ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಹಸಿರು ಪಾಚಿ ಮೇಲೆ ಕಾಲಿಡಬೇಡಿ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಬಂಡೆಗೆ ಅಂಟಿದ ಚೂಪು ಚಿಪ್ಪು ಇರುತ್ತದೆ, ಬರಿಗಾಲು ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂಡೆಯ ಹತ್ತಿರವೇ ಹೋಗಬೇಡಿ. ಆ ಅಲೆ ಹೇಳಿ ಕೇಳಿ ಬರುವುದಿಲ್ಲ.

ಮೀನುಮರುಳು

ನೋಡುವ ರೀತಿಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ನೆರಳು ಗುಂಡಿಯ ಮೇಲೆ ಬೀಳಬಾರದು. ಸೂರ್ಯನಿಗೆ ಮುಖ ಮಾಡಿ ಕೂತರೆ ನೆರಳು ಹಿಂದೆ ಬೀಳುತ್ತದೆ. ಆಮೇಲೆ ಮೀನು ಹುಡುಕಲು ಹೋಗಬೇಡಿ. ಒಂದೇ ಕಲ್ಲನ್ನು ನೋಡುತ್ತಾ ಇರಿ. ಮೊದಲು ಸನ್ಯಾಸಿ ಏಡಿ ಓಡಾಡಲು ಶುರು ಮಾಡುತ್ತದೆ. ಆಮೇಲೆ ಸೀಗಡಿ ಮರಿ. ಕೊನೆಗೆ ಗೋಬಿ.

ಬೆನ್ನಿನ ಉದ್ದಕ್ಕೂ ಒಂದೇ ರೆಕ್ಕೆ, ಕಣ್ಣಿನ ಮೇಲೆ ಸಣ್ಣ ಮೀಸೆಯಂತಹ ಎಳೆ, ಲೋಳೆಲೋಳೆ ಮೈ ಇರುವ ಮೀನು ಕಂಡರೆ ಅದು ಗೋಬಿ ಅಲ್ಲ, ಬ್ಲೆನ್ನಿ. ಬಾಚಣಿಗೆ ಹಲ್ಲಿನಿಂದ ಬಂಡೆಯ ಪಾಚಿ ಕೆರೆದು ತಿನ್ನುತ್ತದೆ. ಒದ್ದೆ ಬಂಡೆಯ ಮೇಲೆ ಗೋಬಿಗಿಂತ ಧೈರ್ಯವಾಗಿ ಕುಪ್ಪಳಿಸುತ್ತದೆ.

ಕಾಪುವಿನ ಅಪ್ಪ

ಹದಿನೈದು ದಿನ ಆಯಿತು, ವರದಿ ಕೊಡುತ್ತೇನೆ. ಅಮಾವಾಸ್ಯೆಯ ಮರುದಿನ ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬಕೆಟ್ ಒಯ್ಯಲಿಲ್ಲ. ಗಾಳದವರು ಹೇಳಿದ ಹಾಗೆ ಒಂದು ಗಂಟೆ ಮೊದಲು ಕೂತೆವು. ಮಗಳು ಒಂದು ಮಾತೂ ಆಡದೆ ಇಪ್ಪತ್ತು ನಿಮಿಷ ಕೂತಳು. ಮನೆಯಲ್ಲಿ ಎರಡು ನಿಮಿಷ ಕೂರುವವಳಲ್ಲ.

ಹಳೆಯ ಗುಂಡಿಯಲ್ಲಿ, ಅದೇ ಕಲ್ಲಿನ ಹತ್ತಿರ, ಒಂದು ಗೋಬಿ ಇತ್ತು. ಅದೇ ಮೀನು ಅಂತ ಮಗಳಿಗೆ ಖಾತ್ರಿ. ಫೋಟೋ ಹಾಕಿದ್ದೇನೆ, ಹಳೆಯ ಫೋಟೋದ ಪಕ್ಕ ಇಟ್ಟು ನೋಡಿ. ನಮ್ಮೆದುರೇ ಒಂದು ಸಲ ಹಾರಿತು. ಮಗಳ ಟೊಪ್ಪಿ ನೀರಿಗೆ ಬಿತ್ತು, ಅದಕ್ಕೆ ಹೆದರಿ. ಒಂದೂವರೆ ಅಡಿ ಅಗಲದ ಒಣ ಬಂಡೆ ದಾಟಿ ಸೀದಾ ಪಕ್ಕದ ಗುಂಡಿಗೆ. ಗುಂಡಿಯ ಬಾಯಿ ನನ್ನ ಎರಡು ಅಂಗೈ ಇಟ್ಟಷ್ಟೇ. ಮೇಷ್ಟ್ರು ಬರೆದದ್ದು ಓದಿದಾಗ ನಂಬಿದ್ದೆ, ಕಣ್ಣಲ್ಲಿ ನೋಡಿದಾಗ ಮೈ ಜುಮ್ ಅಂದಿತು.

ಮನೆಗೆ ಬಂದು ಮಗಳು ನೋಟ್ ಪುಸ್ತಕದಲ್ಲಿ ಗುಂಡಿಗಳ ನಕ್ಷೆ ಬರೆದಿದ್ದಾಳೆ. ಒಟ್ಟು ಹನ್ನೊಂದು ಗುಂಡಿ. ಮೀನು ಹಾರಿದ ದಾರಿಗೆ ಕೆಂಪು ಗೆರೆ. ಅದನ್ನೂ ಹಾಕಿದ್ದೇನೆ.

ಮೀನುಮರುಳು

ಎರಡೂ ಫೋಟೋ ನೋಡಿದೆ. ಅದೇ ಮೀನಾ ಅಂತ ಮಚ್ಚೆ ನೋಡಿ ಹೇಳಲು ಆಗುವುದಿಲ್ಲ, ಬಣ್ಣ ಬದಲಿಸುವ ಮೀನಲ್ವಾ. ಉದ್ದ ಹತ್ತಿರ ಹತ್ತಿರ ಒಂದೇ ಇದೆ. ಅಲ್ಲ ಅನ್ನಲು ನನಗೆ ಕಾರಣ ಕಾಣುವುದಿಲ್ಲ, ಇದನ್ನು ಮಗಳಿಗೆ ಹೇಳಿ.

ಹೊನ್ನಾವರದವಳು

ನಕ್ಷೆ ನೋಡಿ ತುಂಬಾ ಖುಷಿಯಾಯಿತು. ನಾಲ್ಕನೇ ಗುಂಡಿಯ ಪಕ್ಕ ಏಡಿಯ ಚಿತ್ರವೂ ಇದೆ! ಅದನ್ನು ಜೋಪಾನವಾಗಿ ಇಡಿ ಅಣ್ಣ. ಮಳೆಗಾಲದ ಅಲೆ ಎಷ್ಟೋ ಗುಂಡಿಗಳಿಗೆ ಮರಳು ತುಂಬುತ್ತದೆ, ಕೆಲವನ್ನು ಖಾಲಿ ಮಾಡುತ್ತದೆ. ಆಗ ಮೀನೂ ಹೊಸದಾಗಿ ಕಲಿಯಬೇಕಾಗುತ್ತದೆ. ಅಕ್ಟೋಬರ್ ಹೊತ್ತಿಗೆ ಕಡಲು ಶಾಂತವಾದ ಮೇಲೆ ಇದೇ ಪುಸ್ತಕ ಹಿಡಿದು ಹೋಗಿ, ಹನ್ನೊಂದರಲ್ಲಿ ಎಷ್ಟು ಉಳಿದಿವೆ, ಹೊಸದು ಎಷ್ಟು ಅಂತ ಮಗಳ ಹತ್ತಿರವೇ ಎಣಿಸಿ ಇಲ್ಲಿ ಬರೆಯಿರಿ. ನಾನೂ ನಮ್ಮ ಬಂಡೆಯದ್ದು ಬರೆದು ಇಡುತ್ತೇನೆ.